ಉಳಿಸುವ ಮರಕ್ಕೆ ಹೊಡೆದ ಮುದ್ರೆ

ನಮ್ಮ ಮನೆಯ ಮುಂದಿನ ಹೊಂಗೆಮರಕ್ಕೆ ಮೊನ್ನೆ ಬೆಳಗ್ಗೆ ರಸ್ತೆ ಅಗಲ ಮಾಡುವವರ ಕಡೆಯವನೊಬ್ಬ ನಂಬರು ಬರೆದು ಹೋದ. ಒಂದು ಗೇಣಿನಷ್ಟು ತೊಗಟೆ ಹೆರೆದು, ಅದರ ಮೇಲೆ ಬಿಳಿ ಬಣ್ಣದಲ್ಲಿ ಹದಿನೇಳು ಅಂತ ಬರೆದ. ನಾನು ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತಿದ್ದೆ. ಹಸಿ ತೊಗಟೆಯ ವಾಸನೆ ಮೂಗಿಗೆ ಬಡಿಯಿತು.

"ಇದು ಕಡಿಯೋದಕ್ಕೋ, ಉಳಿಸೋದಕ್ಕೋ?" ಎಂದು ಕೇಳಿದೆ.

"ನಂಗೊತ್ತಿಲ್ಲ ಸಾ. ನಂಬರ್ ಆಕು ಅಂದ್ರು, ಆಕ್ತಾವ್ನಿ," ಎಂದು ಅವನು ಡಬ್ಬಿ ಎತ್ತಿಕೊಂಡು ಹದಿನೆಂಟನೆಯ ಮರಕ್ಕೆ ಹೋದ.

ಅವನ ಮೇಲೆ ನನಗೆ ಕೋಪ ಬರಲಿಲ್ಲ. ಬರುವ ಹಕ್ಕೂ ನನಗಿಲ್ಲ. ಸರ್ಕಾರದ ಸಂಬಳ ತಿಂದು ಮೂವತ್ತು ವರ್ಷ ನಾನು ಮಾಡಿದ್ದು ಇದೇ ಕೆಲಸ. ಕಾಡು ಸುತ್ತಿದವನಿಗೆ ಮರ ಕಂಡರೆ ಆನಂದವಾಗುತ್ತದೆ ಎಂದು ನೀವು ತಿಳಿದಿರಬಹುದು. ನನಗೆ ಮೊದಲು ಬರುವುದು ಆಯಾಸ. ಮರ ಕಂಡ ಕೂಡಲೆ ಸುತ್ತಳತೆ ಎಷ್ಟು, ನೆಟ್ಟಗಿದೆಯೋ ಪೊಳ್ಳೋ, ಎಷ್ಟು ದಿಮ್ಮಿ ಸಿಕ್ಕೀತು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಮೊಮ್ಮಗಳ ಮದುವೆಯ ಚಪ್ಪರದ ಕಂಬಗಳನ್ನೂ ಹಾಗೇ ನೋಡುತ್ತ ನಿಂತಿದ್ದೆ ಅಂತ ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನನ್ನು ಹಾಕಿದ್ದು ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯ ಒಂದು ಸರ್ಕಾರಿ ಕಾಡಿಗೆ. ಹಳೇ ಮೈಸೂರು ವಿಶಾಲ ಮೈಸೂರಾಗಿ ಮೂರೋ ನಾಲ್ಕೋ ವರ್ಷವಾಗಿತ್ತು. ಆಣೆ ಹೋಗಿ ನಯಾಪೈಸೆ ಬಂದಿತ್ತು, ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದರು. ನಾನು ಫಾರೆಸ್ಟರು. ಖಾಕಿ ಬಟ್ಟೆ, ಒಂದು ಅಳತೆ ದೊಡ್ಡದಾದ ಬೂಟು, ತರಬೇತಿಯಲ್ಲಿ ಕಲಿತ ಇಂಗ್ಲಿಷ್ ಶಬ್ದಗಳು, ಇಷ್ಟು ನನ್ನ ಆಸ್ತಿ. ಬೂಟಿನೊಳಗೆ ಹಳೇ ಪೇಪರು ತುರುಕಿಕೊಂಡು ನಡೆಯುತ್ತಿದ್ದೆ. ಅದು ಸರಸರ ಅನ್ನುವ ಸದ್ದಿಗೆ ಕಾಡಿನ ಜಿಂಕೆಗಳೆಲ್ಲ ಮುಂಚೆಯೇ ಓಡಿಹೋಗುತ್ತಿದ್ದವು.

ನನ್ನ ಕೈಕೆಳಗೆ ಗಾರ್ಡು ಬೋರಯ್ಯ ಇದ್ದ. ಮೊಸಳೆ ಎಂಬ ಊರಿನ ಕಡೆಯವನು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಓದು ಬರಹ ಅಷ್ಟಕ್ಕಷ್ಟೆ. ಆದರೆ ಕಣ್ಣಳತೆಯಲ್ಲಿ ಅವನು ಹೇಳಿದ ಸುತ್ತಳತೆಗೂ ನನ್ನ ಟೇಪಿಗೂ ಒಂದು ಅಂಗುಲ ಹೆಚ್ಚು ಕಡಿಮೆ ಬಂದರೆ, ಟೇಪನ್ನು ಮತ್ತೊಮ್ಮೆ ಹಿಡಿಯುವುದು ಕ್ಷೇಮವಾಗಿತ್ತು.

ದಿಮ್ಮಿಗಾಗುವ ನಾಟಾ ಮರ ಕಡಿಸುವಾಗ ಒಂದು ಪದ್ಧತಿ ಇತ್ತು. ಯಾವ ಮರ ಕಡಿಯಬೇಕೋ ಅದರ ಬುಡದ ಹತ್ತಿರ ತೊಗಟೆ ಹೆರೆದು, ಇಲಾಖೆಯ ಅಚ್ಚು ಇರುವ ಸುತ್ತಿಗೆಯಿಂದ ಹೊಡೆಯಬೇಕು. ಮುದ್ರೆ ಮರದೊಳಗೆ ಇಳಿಯುತ್ತದೆ. ಮರ ಹೋದ ಮೇಲೂ ನೆಲದಲ್ಲಿ ನಿಲ್ಲುವ ಕೂಳೆಯ ಮೇಲೆ ಮುದ್ರೆ ಉಳಿದಿರುತ್ತದೆ, ಇದು ಕಳ್ಳತನವಲ್ಲ, ಸರ್ಕಾರವೇ ಕಡಿಸಿದ್ದು ಅನ್ನುವುದಕ್ಕೆ ಸಾಕ್ಷಿ. ಸುತ್ತಿಗೆ ಹೊಡೆಯುವುದು ನಾನು, ತೊಗಟೆ ಹೆರೆಯುವುದು ಬೋರಯ್ಯ. ಕತ್ತಿ ಹಾಕುವ ಮುಂಚೆ ಅವನು ಪ್ರತಿ ಮರಕ್ಕೂ ಅಂಗೈ ಮುಟ್ಟಿಸಿ, "ಸರ್ಕಾರ್ದ ಆರ್ಡ್ರು ಕಣವ್ವ, ನನ್ ಮ್ಯಾಲೆ ಮುನಿಸ್ಕೋಬ್ಯಾಡ," ಅನ್ನುತ್ತಿದ್ದ. ದಿನಕ್ಕೆ ಎಂಬತ್ತು ಮರಕ್ಕೆ ಎಂಬತ್ತು ಸಲ. ನಾನು ನಗುತ್ತಿದ್ದೆ.

ಆ ಕಾಡಿಗೆ ಇನ್ನೊಂದು ಮುಖವೂ ಇತ್ತು. ಕಾರ್ತಿಕ ಮಾಸ ಬಂತೆಂದರೆ ಹಾಸನದಿಂದ, ಹೊಳೆನರಸೀಪುರದಿಂದ ಸಂಸಾರಗಳು ವನಭೋಜನಕ್ಕೆ ಬರುತ್ತಿದ್ದವು. ರಸ್ತೆಯಿಂದ ಎರಡು ಫರ್ಲಾಂಗು ಒಳಗೆ, ಒಂದು ಸಣ್ಣ ಹಳ್ಳದ ದಂಡೆಯಲ್ಲಿ ದೊಡ್ಡ ನೆಲ್ಲಿಮರ. ಅದರ ಸುತ್ತ ನಾಲ್ಕು ಹೊನ್ನೆಮರ, ನಾಲ್ಕೂ ಸೇರಿ ಚಪ್ಪರ ಹಾಕಿದಷ್ಟು ನೆರಳು. ನೆಲ್ಲಿಯ ಬುಡದಲ್ಲಿ ಪೂಜೆ ಮಾಡಿ, ಹೊನ್ನೆಯ ನೆರಳಲ್ಲಿ ಎಲೆ ಹಾಕುತ್ತಿದ್ದರು. ಪುಳಿಯೋಗರೆ, ಆಂಬೊಡೆ, ಮೊಸರನ್ನ. ಊಟವಾದ ಮೇಲೆ ಗಂಡಸರು ಟವೆಲು ಹಾಸಿ ನಿದ್ದೆ ಹೋಗುವುದು, ಹೆಂಗಸರು ಹಳ್ಳದಲ್ಲಿ ಕಾಲು ಇಳಿಬಿಟ್ಟು ಹಾಡುವುದು. ವರ್ಷವೆಲ್ಲ ಒಲೆಯ ಮುಂದೆ ಕೂತವರಿಗೆ ಅದೊಂದು ದಿನ ಬಯಲು. ಹಾಸನದ ರುಕ್ಕಮ್ಮನವರು ಎಂಬ ಹಿರಿಯ ಮುತ್ತೈದೆ ಇದಕ್ಕೆಲ್ಲ ಯಜಮಾನಿ. ಬೋರಯ್ಯ ಹಿಂದಿನ ದಿನವೇ ಜಾಗ ಗುಡಿಸಿ, ಒಲೆಗೆ ಕಲ್ಲು ಹೂಡಿ ಇಡುತ್ತಿದ್ದ. ಮೊದಲ ಎಲೆ ಅವನಿಗೇ ಬಡಿಸುತ್ತಿದ್ದರು.

ಒಂದು ವರ್ಷ ಆ ಭಾಗವನ್ನು ಸೌದೆ ಕೂಪು, ಅಂದರೆ ಸೌದೆಗೆ ಕಡಿಯುವ ಜಾಗ ಮಾಡಿ ಕಂಟ್ರಾಕ್ಟರಿಗೆ ಕೊಡಬೇಕೆಂದು ಆರ್ಡರು ಬಂತು. ಸೌದೆ ಕೂಪಿನ ಪದ್ಧತಿ ನಾಟಾ ಕೂಪಿಗೆ ತಿರುಗುಮುರುಗು. ಇಲ್ಲಿ ಎಲ್ಲವನ್ನೂ ಕಡಿಯುತ್ತಾರೆ, ಗುರುತು ಮಾಡಿದ ಕೆಲವನ್ನು ಮಾತ್ರ ಬಿಡುತ್ತಾರೆ. ಬಿಡುವ ಮರಕ್ಕೆ ಎದೆಮಟ್ಟದಲ್ಲಿ ಡಾಂಬರಿನ ಪಟ್ಟೆ ಬಳಿಯಬೇಕು. ವಿಷಯ ತಿಳಿದ ದಿನವೇ ಬೋರಯ್ಯ ನನ್ನ ಹತ್ತಿರ ಬಂದು, "ಸಾ, ಆ ಐದು ಮರ ಬುಟ್ಬುಡಿ. ರುಕ್ಕಮ್ಮಾರ್ಗೆ ಮಾತು ಕೊಟ್ಬುಟ್ಟಿವ್ನಿ," ಅಂದ.

ಬಿಡೋಣ ಎಂದೆ. ನನಗೂ ಆ ಪುಳಿಯೋಗರೆಯ ಋಣ ಇತ್ತಲ್ಲ. ಆದರೆ ಹಾಸನದಿಂದ ಬರಬೇಕಾದ ಡಾಂಬರು ವಾರ ಕಳೆದರೂ ಬರಲಿಲ್ಲ, ಕೂಪು ಶುರುವಾಗುವ ದಿನ ಹತ್ತಿರ ಬಂತು. ಕೊನೆಗೆ ನಾನು ಜಾಣತನ ಮಾಡಿದೆ. ಡಾಂಬರು ಇಲ್ಲದಿದ್ದರೇನು, ಇಲಾಖೆಯ ಮುದ್ರೆ ಇದೆಯಲ್ಲ, ಮುದ್ರೆ ಬಿದ್ದ ಮರ ಮುಟ್ಟಬಾರದು ಎಂದು ರಿಜಿಸ್ಟರಿನಲ್ಲಿ ಬರೆದರಾಯಿತು ಎಂದೆ. ಬೋರಯ್ಯ ನೆಲ್ಲಿಯ ತೊಗಟೆ ಹೆರೆದು ನಿಂತವನು ಸುತ್ತಿಗೆಯನ್ನೇ ನೋಡಿದ.

"ಸಾ, ಇದ್ಕೂ ಅದೇ ಸುತ್ತಿಗೇನಾ?"

"ಹೂಂ. ರಿಜಿಸ್ಟರಲ್ಲಿ ಬರೆದಿದ್ದೀನಲ್ಲ."

"ಬರುದ್ರೆ ಸಾಕಾ ಸಾ? ಕೂಪಿನ ಮೇಸ್ತ್ರಿಗೆ ನಾ ಒಂದ್ಮಾತು ಏಳ್ಬತ್ತೀನಿ."

"ಬೇಡ. ಸರ್ಕಾರಿ ವಿಷಯ ಬಾಯಿಮಾತಲ್ಲಿ ಹೋಗಬಾರದು. ಬರವಣಿಗೆಯಲ್ಲೇ ಹೋಗುತ್ತೆ," ಎಂದೆ. ಆ ದನಿ ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ. ಬೋರಯ್ಯ ಮುಂದಿನ ಮರದ ತೊಗಟೆ ಹೆರೆಯಲು ಹೋದ. ಐದು ಮರಕ್ಕೂ ಮುದ್ರೆ ಹೊಡೆದು, ಕಂಟ್ರಾಕ್ಟರಿಗೆ ರಿಜಿಸ್ಟರಿನ ಒಂದು ಪ್ರತಿ ಕಳಿಸಿ, ನಾನು ತಂಗಿಯ ಸೀಮಂತಕ್ಕೆಂದು ಚನ್ನರಾಯಪಟ್ಟಣಕ್ಕೆ ಹೋದೆ.

ಮೂರು ದಿನ ಬಿಟ್ಟು ಬಂದಾಗ ಕೂಪಿನಲ್ಲಿ ಸೌದೆಯ ಮರಗಳೆಲ್ಲ ನಿಂತೇ ಇದ್ದವು. ನೆಲ್ಲಿಯೂ ನಾಲ್ಕು ಹೊನ್ನೆಯೂ ಮಾತ್ರ ನೆಲಕ್ಕೆ ಬಿದ್ದಿದ್ದವು. ಹೊನ್ನೆಯ ಕೂಳೆಯಿಂದ ಕೆಂಪು ರಸ ಸುರಿದು ನನ್ನ ಮುದ್ರೆಯ ಮೇಲೆ ಹರಿದಿತ್ತು. ಬೋರಯ್ಯ ಹಳ್ಳದ ದಂಡೆಯಲ್ಲಿ ಟೋಪಿ ತೆಗೆದು ಕೂತಿದ್ದ. ಅವನನ್ನೂ ಆ ಮೂರು ದಿನ ಬೇರೆ ಬೀಟಿನ ಕಾಡಿಗೆ ಬಿದ್ದ ಬೆಂಕಿ ಆರಿಸಲು ಕರೆದುಕೊಂಡು ಹೋಗಿದ್ದರಂತೆ. ನಾನು ಮೇಸ್ತ್ರಿಯ ಮೇಲೆ ಹಾರಾಡಿದೆ. ಅವನು ಕೊಡಲಿ ಕೆಳಗಿಟ್ಟು ಕೈಕಟ್ಟಿ ನಿಂತು, "ಮುದ್ರೆ ಬಿದ್ದಿರೋ ಮರ ಕಡೀರ್ಲಾ ಅಂತ ಅತ್ತು ವರ್ಸದಿಂದ ಏಳ್ಕೊಟ್ಟೋರು ನಿಮ್ ಇಲಾಖೆಯೋರೇ ಅಲ್ವಾ ಸಾ. ದೊಡ್ಡವು ಮೊದ್ಲು ಕೆಡವಾನ ಅಂತ ಅವ್ನೇ ಕೆಡವಿದ್ವಿ," ಅಂದ. ನಾನು ಕಳಿಸಿದ ಪ್ರತಿ ಕಂಟ್ರಾಕ್ಟರನ ಮನೆಯ ಮೊಳೆಗೆ ಚುಚ್ಚಿಕೊಂಡು ಕೂತಿತ್ತು. ಕೊಡಲಿ ಹಿಡಿಯುವವನಿಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ.

ವಾರದಲ್ಲಿ ರೇಂಜರು ವಿಚಾರಣೆಗೆ ಬಂದರು. ಕೂಳೆಗಳ ಪಕ್ಕದಲ್ಲೇ ಮೇಜು ಹಾಕಿಸಿ ಕೂತು, "ಮೇಸ್ತ್ರಿಗೆ ಯಾಕೆ ತಿಳಿಸಲಿಲ್ಲ?" ಎಂದು ಕೇಳಿದರು. ಯಾರನ್ನು ಕೇಳಿದರು ಎನ್ನುವುದು ಸ್ಪಷ್ಟವಿರಲಿಲ್ಲ. ನಾನು ಬೂಟು ನೋಡಿಕೊಂಡು ನಿಂತೆ. ಹೊಸ ಕೆಲಸ, ಇನ್ನೂ ಖಾಯಂ ಆಗಿರಲಿಲ್ಲ, ತಂಗಿಯ ಬಾಣಂತನ ಮುಂದಿತ್ತು, ಇವೆಲ್ಲ ಅಷ್ಟು ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡಿದವು. ಬೋರಯ್ಯ ಒಂದು ಸಲ ನನ್ನ ಕಡೆ ನೋಡಿ, ಆಮೇಲೆ ರೇಂಜರ ಕಡೆ ತಿರುಗಿ, "ನಾನೇ ಏಳ್ಬೇಕಿತ್ತು ಸಾ. ಏಳ್ನಿಲ್ಲ," ಅಂದ.

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬೇಡ ಎಂದವನು ನಾನು ಅನ್ನುವುದೊಂದನ್ನು ಅವನು ಬಿಟ್ಟಿದ್ದ, ಅದನ್ನು ಸೇರಿಸಬೇಕಾದವನು ನಾನು. ಸೇರಿಸಲಿಲ್ಲ. ತಿಂಗಳೊಳಗೆ ಅವನನ್ನು ಘಟ್ಟದ ಕಡೆಗೆ ವರ್ಗ ಮಾಡಿದರು. ಹೊರಡುವ ದಿನ ನನ್ನ ಕೊಠಡಿಗೆ ಬಂದು ಕತ್ತಿ ಒಪ್ಪಿಸಿ, "ಬತ್ತೀನಿ ಸಾ. ಬೂಟು ಬದ್ಲಾಯಿಸ್ಕಳಿ, ಕಾಲು ಉಣ್ಣಾಯ್ತದೆ," ಎಂದಷ್ಟೇ ಹೇಳಿದ.

ಮುಂದಿನ ಕಾರ್ತಿಕದಲ್ಲಿ ರುಕ್ಕಮ್ಮನವರು ಎಂದಿನಂತೆ ಬಂದರು. ಬಯಲಾಗಿದ್ದ ಜಾಗವನ್ನು ಒಂದು ಸುತ್ತು ಹಾಕಿದರು. ಆಮೇಲೆ ನೆಲ್ಲಿಯ ಕೂಳೆಗೆ ನೀರು ಹಾಕಿ ತೊಳೆದು, ಸರಿಯಾಗಿ ನನ್ನ ಮುದ್ರೆಯ ಮೇಲೆ ಅರಿಶಿನ ಕುಂಕುಮ ಹಚ್ಚಿದರು. ಬಿಸಿಲಲ್ಲೇ ಎಲೆ ಹಾಕಿದರು.

"ಬೋರಯ್ಯ ಎಲ್ಲಪ್ಪಾ?" ಎಂದು ಕೇಳಿದರು.

"ವರ್ಗ ಆಯಿತಮ್ಮ."

"ಮರ ಉಳಿಸ್ತೀವಿ ಅಂದಿದ್ದ. ಮರೆತುಬಿಟ್ಟನೇನೋ."

ಆಗಲಾದರೂ ಹೇಳಬಹುದಿತ್ತು. ರೇಂಜರಿರಲಿಲ್ಲ, ಮೇಜಿರಲಿಲ್ಲ, ಕೆಲಸ ಹೋಗುತ್ತಿರಲಿಲ್ಲ. "ಹೌದಮ್ಮ, ಮರೆತುಬಿಟ್ಟ," ಎಂದೆ. ಮೊದಲ ಎಲೆಯನ್ನು ಅವರು ನನಗೆ ಬಡಿಸಿದರು. ನಾನು ಕೂತು ಉಂಡೆ. ಅಂದಿನಿಂದ ನಾನು ಪುಳಿಯೋಗರೆ ಮುಟ್ಟುವುದಿಲ್ಲ, ಹುಳಿ ಆಗುವುದಿಲ್ಲ ಅಂತ ಮನೆಯಲ್ಲಿ ನೆಪ ಹೇಳುತ್ತೇನೆ.

ಬೋರಯ್ಯನನ್ನು ಮತ್ತೆ ನೋಡಲಿಲ್ಲ. ಘಟ್ಟದ ಜ್ವರದಲ್ಲಿ ಹೋದನೆಂದು ಎರಡು ವರ್ಷದ ಮೇಲೆ ಯಾರೋ ಹೇಳಿದರು. ಆಮೇಲೆ ನಾನು ಎಷ್ಟೋ ಸಾವಿರ ಮರಕ್ಕೆ ಮುದ್ರೆ ಹೊಡೆದೆ, ಹೊಡೆಸಿದೆ, ಬಡ್ತಿ ಪಡೆದೆ, ಅಳತೆಗೆ ಸರಿಯಾದ ಬೂಟು ಕೊಂಡೆ. ಮರ ಕಂಡರೆ ನನಗಾಗುವ ಆಯಾಸ ಕಾಡು ಸುತ್ತಿ ಬಂದದ್ದಲ್ಲ ಅಂತ ಈಚೆಗೆ ಅನ್ನಿಸುತ್ತದೆ.

ಮೊನ್ನೆ ಕಾಫಿ ಅಷ್ಟಕ್ಕೇ ಬಿಟ್ಟು, ಕೋಲು ಹಿಡಿದು, ರಸ್ತೆ ಅಗಲ ಮಾಡುವವರ ಆಫೀಸು ಹುಡುಕಿಕೊಂಡು ಹೋದೆ. ಎರಡು ಮಹಡಿ ಹತ್ತುವಷ್ಟರಲ್ಲಿ ಉಸಿರು ಬಾಯಿಗೆ ಬಂತು. ಅಲ್ಲಿದ್ದ ಚಿಕ್ಕ ವಯಸ್ಸಿನ ಇಂಜಿನಿಯರು ಮರ್ಯಾದಸ್ಥ, ಕುರ್ಚಿ ಕೊಟ್ಟ.

"ಹದಿನೇಳು ಉಳಿಯೋ ಮರ ಸರ್, ಹದಿನೆಂಟು ಹೋಗೋದು. ಎಲ್ಲಾ ಫೈಲಲ್ಲಿ ಬರೆದಿದೆ, ಯೋಚನೆ ಮಾಡಬೇಡಿ."

"ಬರೆದ್ರೆ ಸಾಕಾಪ್ಪ?" ಎಂದೆ. "ಕಡಿಯೋ ಮೇಸ್ತ್ರಿಗೆ ಒಂದು ಮಾತು ಹೇಳಿ ಬನ್ನಿ. ನಮ್ಮ ಗಾರ್ಡು ಬೋರಯ್ಯ ಹೇಳ್ತಿದ್ದ."

"ಹಳೇ ಕಾಲದವರು ಅನುಭವಸ್ಥರು," ಎಂದು ಅವನು ನಕ್ಕ. "ಆಗೆಲ್ಲ ನೀವು ಹಾಗೇ ಮಾಡ್ತಿದ್ರಾ ಸರ್?"

"ಇಲ್ಲ," ಎಂದೆ. "ಅವನು ಹೇಳ್ತೀನಿ ಅಂದ. ನಾನು ಬೇಡ ಅಂದೆ."

ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಮೇಸ್ತ್ರಿಯನ್ನು ಹುಡುಕಲು ನನ್ನ ಜೊತೆ ಕೆಳಗಿಳಿದು ಬಂದ.