ಮದುವೆಗೆ ಬಂದ ಸರ್ವರ್

ನಮ್ಮ ಕಡೆ ಗುಡುಗು ಕೇಳಿದರೆ ಜನ ಮೊದಲು ಟಿವಿಯ ಪ್ಲಗ್ಗು ಎಳೆಯುತ್ತಾರೆ, ಆಮೇಲೆ ಅಂಗಳದ ಬಟ್ಟೆ ತೆಗೆಯುತ್ತಾರೆ. ನಾನು ಎಳೆಯಬೇಕಾಗಿದ್ದದ್ದು ಸರ್ವರಿನ ಪ್ಲಗ್ಗು. ಬಂಟ್ವಾಳದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಬೆಳ್ತಂಗಡಿ, ಮೂಡುಬಿದಿರೆ ಶಾಖೆಗಳ ರಿಪೋರ್ಟುಗಳೂ ನಮ್ಮ ಮೂಲೆಕೋಣೆಯ ಆ ಒಂದೇ ಪೆಟ್ಟಿಗೆಯಲ್ಲಿ. ಹಿಂದಿನ ಪೆಟ್ಟಿಗೆ ಸಿಡಿಲಿಗೆ ಸುಟ್ಟುಹೋದ ಮೇಲೆ ಲ್ಯಾಬಿನ ಯಜಮಾನರು ಕೋಣೆಗೆ ಬೀಗ ಜಡಿದು, ಒಂದು ಕೀ ತಾವಿಟ್ಟುಕೊಂಡು ಇನ್ನೊಂದನ್ನು ನನಗೆ ಕೊಟ್ಟರು. ಅಲ್ಲಿಂದ ಶುರು ನನ್ನ ಗ್ರಹಚಾರ. ಭಾನುವಾರ ಕೋರಿ ರೊಟ್ಟಿ ಬಾಯಿಗಿಡುವಾಗ ಗುಡುಗಿದರೂ ಸ್ಕೂಟರ್ ಹತ್ತಿ ಓಡಬೇಕು. ಪ್ಲಗ್ಗು ಎಳೆದರೆ ಎರಡೂ ಶಾಖೆಗಳಲ್ಲಿ ರಿಪೋರ್ಟಿಗೆ ಕಾದವರ ಬೈಗುಳವೂ ನನಗೇ.

ಕ್ಲೌಡಿಗೆ ಹಾಕುವ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ನಮ್ಮೂರವರ ಸಕ್ಕರೆ ಕಾಯಿಲೆಯ ಗುಟ್ಟು ಕಾಣದ ಊರಿನ ಯಂತ್ರದಲ್ಲಿ ಯಾಕೆ, ಕಣ್ಣೆದುರು ಇದ್ದರೆ ಒಂದು ಧೈರ್ಯ ಎನ್ನುವುದು ಯಜಮಾನರ ವಾದ. ಇಂಟರ್ನೆಟ್ ಹೋದರೂ ಬಂಟ್ವಾಳದ ಮಟ್ಟಿಗೆ ಕೆಲಸ ನಡೆಯುತ್ತದಲ್ಲ ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ಅಷ್ಟರಲ್ಲಿ ನನ್ನ ಮದುವೆ ನಿಶ್ಚಯವಾಯಿತು, ಅದೂ ಗುಡುಗಿನ ಮೇ ತಿಂಗಳಲ್ಲಿ. ಹುಡುಗ ಶಿರ್ತಾಡಿಯವರು. ಅಲ್ಲಿಂದ ದಿನಾ ಬಸ್ಸಿನಲ್ಲಿ ಬರಬಹುದು, ಗುಡುಗಿದಾಗಲೆಲ್ಲ ಓಡಿ ಬರುವುದುಂಟೇ? ಕ್ಲೌಡ್ ಆಗದಿದ್ದರೆ ಕೆಲಸ ಬಿಡುವುದೇ ಗತಿ. ಬಿಡಲು ನನಗೆ ಚೂರೂ ಮನಸ್ಸಿರಲಿಲ್ಲ.

ಪೊಳಲಿಯಲ್ಲಿ ಧಾರೆ ಮುಗಿದು ಫೋಟೋಕ್ಕೆ ನಿಂತಿದ್ದೆವು. ದೂರದಲ್ಲಿ ಗುಡುಗಿತು. ನನ್ನ ಕಾಲು ತಾನಾಗಿ ಮೆಟ್ಟಿಲ ಕಡೆ ಹೊರಟಿತು. ಗಂಡ ಕೈ ಹಿಡಿದು ನಿಲ್ಲಿಸಿದರು. ಕೆಳಗೆ ಊಟದ ಪಂಕ್ತಿಯಿಂದ ಯಜಮಾನರು ನನ್ನನ್ನೇ ನೋಡುತ್ತಿದ್ದರು. ನಾನು ಮದರಂಗಿಯ ಕೈ ಎತ್ತಿ ತೋರಿಸಿದೆ. ಪಾಪ, ಪಾಯಸ ಬರುವ ಮೊದಲೇ ಎದ್ದು ಕಾರು ಹತ್ತಿದರು.

ನೆಂಟರೆಲ್ಲ ಹೊರಡುವ ಹೊತ್ತಿಗೆ ಒದ್ದೆಮುದ್ದೆಯಾಗಿ ವಾಪಸು ಬಂದರು. ಎದೆಗವಚಿಕೊಂಡ ಬೈರಾಸು ಟವೆಲಿನೊಳಗೆ ಮಗುವಿನ ಹಾಗೆ ಸರ್ವರ್!

"ಯಾವ ವಯರು ಯಾವುದರದ್ದು ಅಂತ ಗೊತ್ತಾಗ್ಲಿಲ್ಲ ಮಾರಾಯ್ತಿ. ಎಲ್ಲಾ ಎಳೆದೆ. ಇದನ್ನು ಅಲ್ಲಿ ಬಿಟ್ಟು ಬರ್ಲಿಕ್ಕೆ ಹೆದರಿಕೆ ಆಯ್ತು."

ನಕ್ಕೂ ನಕ್ಕೂ ನನ್ನ ಬಾಸಿಂಗ ಜಾರಿತು. ಅವರು ಪೆಟ್ಟಿಗೆಯನ್ನು ಉಡುಗೊರೆಗಳ ಮೇಜಿನ ಮೇಲೆ, ಕುಕ್ಕರಿನ ಪಕ್ಕ, ಮೆಲ್ಲಗೆ ಇಟ್ಟರು. ಫೋಟೋದವನು ಅದನ್ನೂ ಬಿಡದೆ ತೆಗೆದ.

"ಕ್ಲೌಡಿಗೇ ಹಾಕುವ. ಕೆಲಸ ಮಾತ್ರ ಬಿಡ್ಬೇಡ" ಎಂದರು. ಗಂಡನ ಮನೆಗೆ ಹೊರಡುವಾಗ ಅಳಬೇಕಿದ್ದ ನಾನು ಹಲ್ಲು ಕಿರಿಯುತ್ತಲೇ ಕಾರು ಹತ್ತಿದೆ.

ಈಗ ಎಲ್ಲ ಕ್ಲೌಡಿನಲ್ಲಿ ಉಂಟು. ಮೊನ್ನೆ ಭಾನುವಾರ ಶಿರ್ತಾಡಿಯಲ್ಲಿ ಊಟಕ್ಕೆ ಕೂತಾಗ ಗುಡುಗಿತು, ಹಿಂದೆಯೇ ಯಜಮಾನರ ಫೋನು. ಅಭ್ಯಾಸಬಲದಿಂದ ಲ್ಯಾಬಿಗೆ ಓಡಿ, ಬೀಗ ತೆಗೆದು, ಖಾಲಿ ಕೋಣೆಯಲ್ಲಿ ನಿಂತಿದ್ದರಂತೆ.

"ಈಗ ನಾನು ಏನು ಎಳೆಯುವುದು?"

"ಏನೂ ಇಲ್ಲ ಸರ್" ಎಂದೆ, ಬಾಯಲ್ಲಿ ಕೋರಿ ರೊಟ್ಟಿ ಇಟ್ಟುಕೊಂಡೇ.