ಬಣ್ಣ ಬಳಿದ ಮೆಟ್ಟಿಲು

ಟೀಚರಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯಲ್ಲಿ ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳುವವರಿಗೇನು? ಅವಳ ಅಣ್ಣನ ಜೊತೆ ನಾಲ್ಕು ದಿನ ಒಂದೇ ಸೂರಿನಡಿ ಇದ್ದು ನೋಡಲಿ, ಆಮೇಲೆ ಮಾತಾಡಲಿ. ಹೈಸ್ಕೂಲಿನ ಹುಡುಗಿಯರಿಗೆ ಜೀವಶಾಸ್ತ್ರ ಹೇಳಿಕೊಟ್ಟು, ಚಾಕ್‌ಪೀಸಿನ ಪುಡಿ ನುಂಗಿ ನುಂಗಿ ಗಂಟಲು ಕೆಡಿಸಿಕೊಂಡು ನಿವೃತ್ತಳಾದವಳು ಅವಳು. ಮದುವೆಯಾಗಲಿಲ್ಲ. ಅಪ್ಪ ಕಟ್ಟಿಸಿದ ಮನೆಯಲ್ಲಿ ಹಿಂಬದಿಯ ಕೋಣೆ ಅವಳದು, ಉಳಿದದ್ದೆಲ್ಲ ಅಣ್ಣನದು. ಹಾಗೆಂದು ಅಪ್ಪ ಹೇಳಿ ಹೋಗಿದ್ದಲ್ಲ, ಅಣ್ಣ ಹೇಳಿ ಹೇಳಿ ಹಾಗಾಗಿದ್ದು.

ಅಣ್ಣನ ಪಾಲಿಗೆ ಮನೆಯ ಮರ್ಯಾದೆ ಎಂದರೆ ಬಣ್ಣ. ವರ್ಷ ವರ್ಷವೂ ಪೇಂಟರ್ ಬರಬೇಕು, ಮಹಡಿಗೆ ಹೋಗುವ ಮರದ ಮೆಟ್ಟಿಲುಗಳಿಗೆ ಕಂದು ಬಣ್ಣ ಬೀಳಬೇಕು. ಎಲ್ಲಾದರೂ ತೂತು ಕಂಡರೆ ಪುಟ್ಟಿ ಮೆತ್ತಿ ಮೇಲೆ ಇನ್ನೊಂದು ಕೈ ಬಣ್ಣ. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಎದ್ದರೆ ತಾನೇ ಪೊರಕೆ ಹಿಡಿದು ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, "ಆಯ್ತು, ಕ್ಲೀನ್!" ಎಂದು ಕೈ ಕೊಡವಿಬಿಡುತ್ತಾನೆ.

ಟೀಚರಕ್ಕನ ಮೈ ಉರಿಯುವುದೇ ಇಲ್ಲಿ.

"ಅಣ್ಣಾ, ಅದು ಕೊಳೆ ಅಲ್ಲ. ಗೆದ್ದಲಿನ ದಾರಿ. ಅವುಗಳ ಮೈ ಮೆತ್ತಗೆ, ಬಿಸಿಲು ಗಾಳಿ ತಾಗಿದ್ರೆ ಒಣಗಿ ಸಾಯ್ತವೆ. ಅದಕ್ಕೇ ಮಣ್ಣಿನ ಕೊಳವೆ ಕಟ್ಕೊಂಡು ಒಳಗೊಳಗೇ ಓಡಾಡ್ತವೆ. ನೀನು ದಾರಿ ಒರೆಸಿದ್ರೆ ಮುಗೀತಾ? ನೆಲದಡಿ ರಾಣಿ ಮೊಟ್ಟೆ ಇಡ್ತಾನೇ ಇರ್ತಾಳೆ. ಅವು ಇನ್ನೊಂದು ಕಡೆಯಿಂದ ಹತ್ತುತ್ತವೆ."

"ನಿನ್ನ ಪಾಠ ಸ್ಕೂಲಲ್ಲೇ ಮುಗೀತು ಕಣೇ," ಎಂದ ಅಣ್ಣ. "ಔಷಧಿ ಹೊಡೆಯೋರ ಗಾಡಿ ಗೇಟಿನ ಮುಂದೆ ನಿಂತ್ರೆ ಬೀದಿಯೋರು ಏನಂದ್ಕೋತಾರೆ? ಈ ಮನೆಗೆ ಹುಳ ಹಿಡಿದಿದೆ ಅಂತ ಡಂಗುರ ಸಾರ್ತಾರೆ."

ಮರ್ಯಾದೆಯಂತೆ ಮರ್ಯಾದೆ! ಮನೆಯ ಮೂಳೆ ಪುಡಿಯಾಗುತ್ತಿದ್ದರೂ ಮುಖಕ್ಕೆ ಪೌಡರ್ ಹಚ್ಚುವ ಮರ್ಯಾದೆ ಅದೆಂಥದ್ದೋ!

ಮೊದಲ ಮಳೆ ಬಿದ್ದ ಸಂಜೆ ಮೆಟ್ಟಿಲಿನ ಬುಡದ ಬಿರುಕಿನಿಂದ ರೆಕ್ಕೆ ಗೆದ್ದಲುಗಳು ಬುಳಬುಳನೆ ಹೊರಬಿದ್ದು ನಡುಮನೆಯ ದೀಪ ಮುತ್ತಿದವು. ಬೆಳಿಗ್ಗೆ ನೋಡಿದರೆ ನೆಲದ ತುಂಬ ಉದುರಿದ ರೆಕ್ಕೆಗಳು. "ಹೊರಗಿಂದ ಬಂದಿದ್ದು," ಎಂದ ಅಣ್ಣ. ಕಿಟಕಿ ಬಾಗಿಲು ಎಲ್ಲ ಮುಚ್ಚಿತ್ತು! ಟೀಚರಕ್ಕ ಸ್ಕ್ರೂಡ್ರೈವರ್ ತಂದು ಅದರ ಹಿಡಿಯಿಂದ ಒಂದೊಂದೇ ಮೆಟ್ಟಿಲನ್ನು ಕುಟ್ಟಿದಳು. ಗಟ್ಟಿ ಮರದ ಸದ್ದಲ್ಲ ಅದು, ಖಾಲಿ ಡಬ್ಬದ ಸದ್ದು. ತುದಿಯಿಂದ ಮೆಲ್ಲಗೆ ಒತ್ತಿದ್ದೇ ತಡ, ಬಣ್ಣದ ಪದರ ಹಪ್ಪಳದಂತೆ ಮುರಿಯಿತು. ಒಳಗೆ ಮಣ್ಣು, ಆ ಮಣ್ಣಿನಲ್ಲಿ ಹಾಲುಬಿಳುಪಿನ ಕುರುಡು ಹುಳುಗಳ ಗಡಿಬಿಡಿ. ಬೆಳಕಿಗೆ ಹೆದರುವ ಜೀವಗಳು, ಮೇಲಿನ ಸಿಪ್ಪೆಯಷ್ಟನ್ನು ಬಿಟ್ಟು ಒಳಗಿನ ತಿರುಳನ್ನೆಲ್ಲ ತಿಂದು ತೇಗಿದ್ದವು. ಮೆಟ್ಟಿಲಿನಲ್ಲಿ ಉಳಿದದ್ದು ಅಣ್ಣ ಬಳಿಸಿದ ಬಣ್ಣ ಮಾತ್ರ. ಅವಳು ಕೈ ಹಿಡಿದು ಎಳೆತಂದು ತೋರಿಸಿದಳು. ಅಣ್ಣ ಬಗ್ಗಿ ನೋಡಿದ, ಎದ್ದು ನಿಂತ, ಪೇಂಟರಿಗೆ ಫೋನ್ ಮಾಡಿದ.

ಇಷ್ಟೇ ಆಗಿದ್ದರೆ ಅವಳು ಹಲ್ಲು ಕಚ್ಚಿಕೊಂಡು ಇರುತ್ತಿದ್ದಳೇನೋ. ಬಣ್ಣ ಒಣಗುವಷ್ಟರಲ್ಲಿ ಅಣ್ಣ ಗೇಟಿಗೆ 'ಮಹಡಿ ಬಾಡಿಗೆಗಿದೆ' ಎಂಬ ಬೋರ್ಡು ತಗುಲಿಹಾಕಿದ. ಭಾನುವಾರ ಬೆಳಿಗ್ಗೆ ಗಂಡಹೆಂಡತಿ ಬಂದರು. ಹೆಂಡತಿಯ ಕಂಕುಳಲ್ಲಿ ಕೂಸು.

"ಹತ್ತಿ ನೋಡಮ್ಮ. ಗಾಳಿ ಬೆಳಕಿಗೆ ಏನೂ ಕೊರತೆ ಇಲ್ಲ," ಎಂದ ಅಣ್ಣ, ಬಾಯಿ ತುಂಬ ನಗುತ್ತ.

ಆಕೆ ಕಾಲೆತ್ತಿದಳು. ಟೀಚರಕ್ಕ ಹಿಂದಿನ ಕೋಣೆಯಿಂದ ಓಡಿಬಂದು ಮೆಟ್ಟಿಲಿಗೆ ಅಡ್ಡ ನಿಂತಳು.

"ಹತ್ತಬೇಡಮ್ಮ! ಒಳಗೆಲ್ಲ ಗೆದ್ದಲು ತಿಂದಿದೆ. ಮಗು ಬೇರೆ ಎತ್ಕೊಂಡಿದ್ದೀಯ."

ಅಣ್ಣನ ನಗು ಮಾಯವಾಗಲಿಲ್ಲ. "ನನ್ನ ತಂಗಿ. ರಿಟೈರ್ ಆದ್ಮೇಲೆ ಸ್ವಲ್ಪ ಹೀಗೆ. ಎಲ್ಲೆಲ್ಲೂ ಹುಳಾನೇ ಕಾಣುತ್ತೆ." ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿ, "ಈ ಮನೇಲಿ ಇರಬೇಕು ಅಂದ್ರೆ ಬಾಯಿ ಮುಚ್ಕೊಂಡು ಕೋಣೆಗೆ ಹೋಗು," ಎಂದ.

ಅವಳಿಗೆ ಹೆದರಿಕೆಯಾಯಿತು, ಸುಳ್ಳೇಕೆ? ಆ ಕೋಣೆ ಬಿಟ್ಟರೆ ಅವಳಿಗೆ ಬೇರೆ ನೆಲೆಯಿಲ್ಲ. ಆದರೆ ಕೂಸು ಅವಳನ್ನೇ ಪಿಳಿಪಿಳಿ ನೋಡುತ್ತಿತ್ತು.

"ಆಯ್ತಣ್ಣ, ನನಗೇ ತಲೆ ಕೆಟ್ಟಿದೆ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನೀನೇ ಮೊದಲು ಹತ್ತು. ಇವರು ನಿನ್ನ ಹಿಂದೆ ಬರ್ತಾರೆ."

ಅವಳು ಪಕ್ಕಕ್ಕೆ ಸರಿದಳು. ಅಣ್ಣ ಮೆಟ್ಟಿಲ ಪಕ್ಕದ ಕಟಕಟೆ ಹಿಡಿದ. ಒಂದು ಕಾಲು ಎತ್ತಿದ. ಎತ್ತಿದ ಕಾಲನ್ನು ಮೆಟ್ಟಿಲ ಮೇಲೆ ಇಡದೆ ಹಿಂದಕ್ಕೆ ತೆಗೆದುಕೊಂಡ.

ತಾಯಿ ಕೂಸನ್ನು ಅವಚಿಕೊಂಡಳು. ಗಂಡ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಗೇಟಿನ ಸದ್ದಾಯಿತು. ಅಣ್ಣ ತಂಗಿ ಇಬ್ಬರೇ ಉಳಿದರು.

"ನಿನಗೆ ಮೊದಲಿಂದಾನೂ ಗೊತ್ತಿತ್ತು," ಎಂದಳು ಟೀಚರಕ್ಕ.

ಅವನು ಕಟಕಟೆಯಿಂದ ಕೈ ತೆಗೆದ. ಆಗ ಅವಳಿಗೆ ಒಂದೊಂದಾಗಿ ಹೊಳೆಯತೊಡಗಿತು. ಈಚೆಗೆ ಅವನು ಮಹಡಿಗೆ ಹೋದದ್ದನ್ನು ಅವಳು ನೋಡಿಯೇ ಇಲ್ಲ. ಮೇಲೆ ಕಸ ಗುಡಿಸು, ಟ್ಯಾಂಕಿನ ನಲ್ಲಿ ತಿರುಗಿಸಿ ಬಾ, ಬಟ್ಟೆ ಒಣಗಿದೆಯಾ ನೋಡು ಎಂದು ಅವನು ಕೂಗಿದಾಗಲೆಲ್ಲ ಹತ್ತಿದವಳು ಅವಳು.

"ಗೊತ್ತಿದ್ದೂ ದಿನಾ ನನ್ನನ್ನ ಯಾಕೆ ಹತ್ತಿಸ್ತಿದ್ದೆ?"

ಇದೂ ಒಂದು ಪ್ರಶ್ನೆಯೇ ಎನ್ನುವಂತೆ ಅಣ್ಣ ಅವಳ ಮುಖ ನೋಡಿದ.

"ನೀನು ಹಗುರ ಇದ್ದೀಯಲ್ಲ," ಎಂದ. "ತಡೆಯುತ್ತೆ ಅಂದ್ಕೊಂಡೆ."