ಗೊಲ್ಲಾಳಮ್ಮ ಈಸ್ ಮೈ ಜೆನೆರಸ್

"ಇಂಗ್ಲಿಷ್ ಶಬ್ದಕ್ಕ ಹೆದರಬ್ಯಾಡ್ರೆವ್ವಾ. ಅದು ಹೊಸಾ ಸೊಸಿ ಇದ್ದಂಗ. ಮದಲ ಹೆಸರು ಕೇಳ್ರಿ, ಆಮ್ಯಾಲ ಮನಿಯಾಗ ಕೆಲಸಕ್ಕ ಹಚ್ಚರಿ. 'ಅಬಂಡಂಟ್' ಅಂದ್ರ ಏನು? ಸುಗ್ಗ್ಯಾಗ ಕಣದ ತುಂಬ ಜ್ವಾಳ ಬಿದ್ದಿರತಾದಲ್ಲ, ಅದು. 'ಆಬ್‌ಸ್ಟಿನೇಟ್' ಅಂದ್ರ? ಏ ದುರಗಮ್ಮ, ನಿಮ್ಮ ಎಮ್ಮಿ ಎಷ್ಟು ಹೊಡದರೂ ಕೆರಿ ಬಿಟ್ಟು ಏಳಾಂಗಿಲ್ಲಲ್ಲ, ಆ ಹಟಮಾರಿತನ. ನಗಬ್ಯಾಡ್ರಿ, ಬಾಯಿಬಿಟ್ಟು ಅನ್ನರಿ. ಉರ್ದು ಅರ್ಥ ಬಾಯಿಪಾಠ ಮಾಡ್ರಿ, ಪರೀಕ್ಷಾಕ್ಕ ಬೇಕು. ಆದ್ರ ಅದಕ್ಕ ಕನ್ನಡದಾಗ ಏನಂತಾರ ಅಂತ ಕೇಳಲಾರದ ಬಿಡಬ್ಯಾಡ್ರಿ. ನಾ ಬಿಟ್ಟು ಸಿಕ್ಕೊಂಡಿದ್ದೆ."

ಮುಂದೆ ಟೀಚರಾಗಿ ಹೀಗೆ ಪಾಠ ಹೇಳುತ್ತಿದ್ದವಳು ಅನ್ನಮ್ಮ, ಸುರಪುರದ ಕಿರಾಣಿ ಅಂಗಡಿಯ ಜಗದೇವಪ್ಪಜ್ಜನ ಮೊಮ್ಮಗಳು. ನಿಜಾಮರ ಕಾಲದ ಕೊನೆಯ ವರ್ಷಗಳವು. ಶಾಲೆಯ ಓದೆಲ್ಲ ಉರ್ದುವಿನಲ್ಲಿ, ಇಂಗ್ಲಿಷ್ ಶಬ್ದಕ್ಕೆ ಅರ್ಥವೂ ಉರ್ದುವಿನಲ್ಲಿ. ಹುಡುಗಿಯಾಗಿ ಅವಳು ಓದುತ್ತಿದ್ದಾಗ ಪಕ್ಕದ ಮನೆಯ ಗೊಲ್ಲಾಳಮ್ಮನಾದ ನಾನು ಬೀಸುಕಲ್ಲಿನ ಮುಂದೆ ಕುಳಿತು ಕೇಳುತ್ತಿದ್ದೆ. ನಾನು ಅಕ್ಷರ ಕಲಿತು ಶಾಲೆ ಬಿಟ್ಟವಳು.

ಶರೀಫಾಬೀ ಟೀಚರು ಒಂದು ದಿನ "ಜೆನೆರಸ್ ಅಂದರೆ ಸಖಿ" ಎಂದು ಹೇಳಿಕೊಟ್ಟರು. ಅನ್ನಮ್ಮ ಕುಣಿಯುತ್ತ ಬಂದಳು. "ಗೊಲ್ಲಾಳಿ, ನಿನಗ ಇಂಗ್ಲಿಷ್‌ನ್ಯಾಗ ಒಂದು ಹೆಸರು ಸಿಕ್ಕಾದ. ಸಖಿ ಅಂದ್ರ ಗೆಳತಿ. ನೀ ನನ್ನ ಜೆನೆರಸ್!"

ಅಂದಿನಿಂದ "ಏ ಜೆನೆರಸ್, ನೀರಿಗಿ ಬರ್ತಿಯೇನ?" ಎಂದೇ ಅವಳ ಕರೆ.

ಅಷ್ಟರಲ್ಲಿ ಹೈದರಾಬಾದಿನಿಂದ ಇನ್ಸ್‌ಪೆಕ್ಟರ್ ಬಾಯಿಸಾಹೇಬರು ಪರೀಕ್ಷೆಗೆ ಬರುವ ಸುದ್ದಿ ಬಂತು. ಅಜ್ಜ ಹೇಳಿದ: "ಪಾಸಾದ್ರ ಮುಂದ ಓದು. ಇಲ್ಲಾಂದ್ರ ಕೆಂಭಾವಿ ಗಂಡಿನವ್ರಿಗಿ ಬರಾಕ ಹೇಳತೇನಿ."

"ಅವರಿಗಿ ಸುಮ್ಮನ ಕಾಯಿಸಬ್ಯಾಡಜ್ಜ, ಬ್ಯಾರೆ ಕಡಿ ನೋಡಕೊಳ್ರಿ ಅನ್ನು" ಎಂದಳು ಅನ್ನಮ್ಮ.

ಪರೀಕ್ಷೆಯ ದಿನ ನಾನು ಶಾಲೆಯ ಕಿಟಕಿಯ ಹೊರಗೆ ನಿಂತಿದ್ದೆ. ಜೆನೆರಸ್ ಶಬ್ದ ಹಾಕಿ ವಾಕ್ಯ ಹೇಳೆಂದರು ಬಾಯಿಸಾಹೇಬರು.

"ಗೊಲ್ಲಾಳಮ್ಮ ಈಸ್ ಮೈ ಜೆನೆರಸ್."

ಕನ್ನಡ ಬಾರದ ಅವರು ಹುಬ್ಬೇರಿಸಿ ಉರ್ದುವಿನಲ್ಲಿ ಕೇಳಿದರು: "ಜೆನೆರಸ್ ಅಂದರೇನು?"

"ಸಖಿ."

"ಅರ್ಥ ಸರಿ, ವಾಕ್ಯ ಯಾಕೆ ಹೀಗೆ? ಸಖಿ ಅಂದರೇನು?"

"ಗೆಳತಿ ರೀ."

ಶರೀಫಾಬೀ ಹಣೆ ಹಿಡಿದುಕೊಂಡರು. "ಗೆಳತಿ ಅಲ್ಲವ್ವಾ! ಉರ್ದುನ್ಯಾಗ ಸಖಿ ಅಂದ್ರ ಕೈ ಬಿಚ್ಚಿ ಕೊಡೋರು." ಬಾಯಿಸಾಹೇಬರ ಮುಖ ನೋಡಿ ನನಗೆ ಕೆಂಭಾವಿಯ ಗಂಡು ಕಣ್ಣ ಮುಂದೆ ಬಂದ.

ಅನ್ನಮ್ಮ ಮಾತ್ರ ಜಗ್ಗಲಿಲ್ಲ. "ನಮ್ಮ ಮಾತಿನ್ಯಾಗ ಸಖಿ ಅಂದ್ರ ಗೆಳತಿನೇ ರೀ. ನಿಮ್ಮದು ಬ್ಯಾರೆ ಅದ ಅಂತ ಈಗ ತಿಳೀತು. ವಾಕ್ಯ ತಿರುವಿ ಹಾಕತೇನಿ, ಕೇಳ್ರಿ" ಎಂದವಳೇ ಇಂಗ್ಲಿಷಿನಲ್ಲಿ ಹೇಳಿದಳು: "ಗೊಲ್ಲಾಳಮ್ಮ ಈಸ್ ಜೆನೆರಸ್. ಶಿ ಗಿವ್ಸ್ ಮಿ ಹರ್ ರೊಟ್ಟಿ."

ಶರೀಫಾಬೀ ಅವಳ ಕನ್ನಡವನ್ನು ಉರ್ದುವಿಗೆ ತಿರುಗಿಸಿ ಹೇಳಿದಾಗ ಬಾಯಿಸಾಹೇಬರು ನಕ್ಕೇಬಿಟ್ಟರು. "ತಪ್ಪನ್ನು ನಿಂತಲ್ಲೇ ತಿದ್ದಿಕೊಂಡಳಲ್ಲ, ಇವಳು ಓದಲಿ" ಎಂದು ಪಾಸು ಮಾಡಿದರು. ಅಜ್ಜ ಕೆಂಭಾವಿಯವರಿಗೆ ಬರಬೇಡಿರೆಂದು ಹೇಳಿಕಳಿಸಿದ.

ಓದು ಮುಗಿಸಿ ಅದೇ ಶಾಲೆಯಲ್ಲಿ ಟೀಚರಾದ ಮೇಲೂ ಸಂಜೆ ಅವಳು ನಮ್ಮ ಒಲೆಯ ಮುಂದೆಯೇ ಇರುತ್ತಿದ್ದಳು.

"ಏ ಜೆನೆರಸ್, ಹಿಟ್ಟು ಕೊಡ ಇತ್ತ."

"ಯಾವ ಅರ್ಥದಾಗ ಕರದಿ, ಟೀಚರಮ್ಮ?"

"ಎರಡರಾಗೂ. ಹಂಚು ಕಾದಾದ, ಲಗೂ ಕೊಡು."

ನಾನು ಹಿಟ್ಟಿನ ಉಂಡೆ ಅವಳ ಕಡೆ ಸರಿಸಿದೆ. ಅವಳು ಕುಪ್ಪಸದ ತೋಳು ಮೇಲೆ ಸರಿಸಿಕೊಂಡು ರೊಟ್ಟಿ ಬಡಿಯತೊಡಗಿದಳು.